ಕೋಂಕ್‌ನ ಸಂತ ಫ್ವಾ ಮಠ: ಸನ್ಯಾಸಿಗಳಿಲ್ಲದ ಮೇಲೂ ಉಳಿದ ಒಂದು ಚರ್ಚಿನ ಪ್ರಕರಣ ಅಧ್ಯಯನ

ದಕ್ಷಿಣ ಫ್ರಾನ್ಸ್‌ನ ಅವೆರೋನ್ ಪ್ರಾಂತದಲ್ಲಿ, ಊಶ್ ಎಂಬ ತೊರೆಯು ದೂರ್ದು ನದಿಯನ್ನು ಕೂಡುವ ಕಡಿದಾದ ಕಣಿವೆಯ ಇಳಿಜಾರಿನಲ್ಲಿ, ಕೋಂಕ್ ಎಂಬ ಚಿಕ್ಕ ಊರಿದೆ. ಸುಮಾರು ಏಳು ಶತಮಾನಗಳ ಕಾಲ ಇಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳ ಮಠವೊಂದು ಇತ್ತು. ಈಗ ಆ ಸನ್ಯಾಸಿಗಳಿಲ್ಲ, ಅವರ ಆಸ್ತಿಪಾಸ್ತಿಗಳೂ ಇಲ್ಲ. ಆದರೆ 11 ಮತ್ತು 12ನೇ ಶತಮಾನಗಳಲ್ಲಿ ಅವರು ಕಟ್ಟಿಸಿದ, ದಪ್ಪ ಗೋಡೆ ಮತ್ತು ಅರ್ಧವೃತ್ತದ ಕಮಾನುಗಳ ರೊಮಾನೆಸ್ಕ್ ಶೈಲಿಯ ಚರ್ಚ್ ಹೆಚ್ಚುಕಡಿಮೆ ಇಡಿಯಾಗಿ ನಿಂತಿದೆ. ಅವರು ಪೂಜ್ಯವೆಂದು ಕಾಪಾಡಿಕೊಂಡು ಬಂದ, ಸಂತ ಫ್ವಾ ಎಂಬ ಸಂತೆಯ ಚಿನ್ನದ ಮೂರ್ತಿಯೂ ಅದೇ ಊರಿನಲ್ಲಿದೆ. ಇದಕ್ಕೆ ವಿರುದ್ಧವಾಗಿ, ಚರ್ಚಿನ ದಕ್ಷಿಣ ಗೋಡೆಗೆ ತಾಗಿಕೊಂಡಿದ್ದ ಮಠದ ಕೈಸಾಲೆ, ಅಂದರೆ ಒಳಾಂಗಣದ ಸುತ್ತ ಕಂಬಗಳ ಸಾಲಿದ್ದ ಮುಚ್ಚಿದ ಪಡಸಾಲೆ, ಕೆಲವು ಕಮಾನುಗಳನ್ನು ಬಿಟ್ಟರೆ ಪೂರ್ತಿ ನಾಶವಾಗಿದೆ. ಚಿನ್ನವನ್ನು ಜೀವದ ಹಂಗು ತೊರೆದು ಬಚ್ಚಿಟ್ಟವರೂ ಕೈಸಾಲೆಯ ಕಲ್ಲುಗಳನ್ನು ಹೊತ್ತೊಯ್ದವರೂ ಒಂದೇ ಊರಿನವರು, ಬಹುಪಾಲು ಒಂದೇ ತಲೆಮಾರಿನವರು. ಒಂದು ಸಂಸ್ಥೆ ಅಳಿದಾಗ ಅದರ ವಸ್ತುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬುದಕ್ಕೆ ಈ ಪ್ರಕರಣ ಬಹಳ ಸ್ಪಷ್ಟವಾದ ಉದಾಹರಣೆಯಾಗಿರುವುದರಿಂದ ಅದನ್ನು ಮೊದಲಿನಿಂದ ನೋಡುವುದು ಒಳ್ಳೆಯದು.

8ನೇ ಶತಮಾನದ ಕೊನೆಯಲ್ಲಿ ದಾದೋಂ ಎಂಬ ಏಕಾಂತವಾಸಿಯೊಬ್ಬ ಈ ಕಣಿವೆಯಲ್ಲಿ ನೆಲೆ ನಿಂತ. ಅವನ ಸುತ್ತ ಸೇರಿದವರು ಸಂತ ಬೆನೆಡಿಕ್ಟನ ನಿಯಮಾವಳಿಯನ್ನು ಒಪ್ಪಿಕೊಂಡರು. ಶಾರ್ಲಮೇನನ ಮಗ, ಚಕ್ರವರ್ತಿ ಧರ್ಮಿಷ್ಠ ಲೂಯಿ 819ರಲ್ಲಿ ಮಠಕ್ಕೆ ದಾನಪತ್ರ ಕೊಟ್ಟ. ರಾಜಾಶ್ರಯ ಸಿಕ್ಕಿತಾದರೂ ಜಾಗ ಅನುಕೂಲದ್ದಾಗಿರಲಿಲ್ಲ: ಉಳುವುದಕ್ಕೆ ಸಮತಟ್ಟಾದ ಭೂಮಿಯಿಲ್ಲ, ಸರಕು ಸಾಗಿಸುವುದಕ್ಕೆ ಹಾದಿಯಿಲ್ಲ, ದೊಡ್ಡ ಕಟ್ಟಡಕ್ಕೆ ತಳವೂ ಇಲ್ಲ. ಅಕ್ವಿಟೇನಿನ ದೊರೆ ಪೆಪಾಂ ಈ ಕೊರತೆಯನ್ನು ಕಂಡೇ ಫಿಜಾಕ್ ಎಂಬ ವಿಶಾಲವಾದ ಜಾಗದಲ್ಲಿ 'ಹೊಸ ಕೋಂಕ್' ಒಂದನ್ನು ಸ್ಥಾಪಿಸಿದನೆಂದು ಸಂಪ್ರದಾಯ ಹೇಳುತ್ತದೆ. ಸಹಾಯಕ್ಕೆಂದು ಹುಟ್ಟಿದ ಆ ಮಠವೇ ಮುಂದೆ ಹಳೆಯ ಮಠದ ಪ್ರತಿಸ್ಪರ್ಧಿಯಾಯಿತು. ಎರಡರ ನಡುವಿನ ಜಗಳ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಎಳೆದು, 1096ರ ನೀಮ್ ಧರ್ಮಸಭೆಯಲ್ಲಿ ಎರಡನ್ನೂ ಬೇರೆಬೇರೆ ಮಠಗಳೆಂದು ಘೋಷಿಸುವವರೆಗೂ ನಿಲ್ಲಲಿಲ್ಲ.

ಈ ಸ್ಪರ್ಧೆಯ ಒತ್ತಡದಲ್ಲಿಯೇ ಕೋಂಕ್‌ನವರು ತಮ್ಮ ಇತಿಹಾಸವನ್ನು ತಿರುಗಿಸಿದ ಕೆಲಸಕ್ಕೆ ಕೈಹಾಕಿದರು. ಭಕ್ತರನ್ನು ಸೆಳೆಯಬೇಕಾದರೆ ಸಂತರ ಪವಿತ್ರ ಅವಶೇಷ, ಅಂದರೆ ಅವರ ಎಲುಬು ಮುಂತಾದವು ಬೇಕು, ತಮ್ಮಲ್ಲಿ ಅದಿರಲಿಲ್ಲ. ಮೊದಲು ಸ್ಪೇನಿನ ಸರಗೋಸದ ಸಂತ ವಿನ್ಸೆಂಟನ ಅವಶೇಷಗಳನ್ನು ತರಲು ನಡೆಸಿದ ಯತ್ನ ಕೈಗೂಡಲಿಲ್ಲ. ಆಮೇಲೆ ಅವರ ಕಣ್ಣು ಅಜಾನ್ ಪಟ್ಟಣದ ಕಡೆ ಹೊರಳಿತು. ಡಯೊಕ್ಲೀಷಿಯನ್ ಚಕ್ರವರ್ತಿಯ ಕಾಲದ ಹಿಂಸೆಯಲ್ಲಿ, 303ರಲ್ಲಿ, ಎಳೆಯ ವಯಸ್ಸಿನಲ್ಲಿಯೇ ಪ್ರಾಣ ಕೊಟ್ಟಳೆಂದು ನಂಬಲಾದ ಫ್ವಾ ಎಂಬ ಹುಡುಗಿಯ ಸಮಾಧಿ ಅಲ್ಲಿತ್ತು. ಮಠದ ಕಥನದ ಪ್ರಕಾರ ಅರಿವಿಸ್ಕಸ್ ಎಂಬ ಸನ್ಯಾಸಿ ಅಜಾನ್‌ಗೆ ಹೋಗಿ, ಅಲ್ಲಿನ ಧಾರ್ಮಿಕ ಸಮುದಾಯವನ್ನು ಸೇರಿ, ವರ್ಷಗಟ್ಟಲೆ ಅವರ ವಿಶ್ವಾಸ ಗಳಿಸಿ, ಸಮಾಧಿಯ ಕಾವಲೇ ತನಗೆ ಒಪ್ಪಿಸಲ್ಪಟ್ಟ ಮೇಲೆ, 866ರ ಸುಮಾರಿಗೆ ಒಂದು ರಾತ್ರಿ ಅವಶೇಷಗಳನ್ನು ಎತ್ತಿಕೊಂಡು ಕೋಂಕ್‌ಗೆ ಓಡಿಬಂದ. ಇದನ್ನು ಮಠದವರು ಮುಚ್ಚಿಡಲಿಲ್ಲ, ಹೆಮ್ಮೆಯಿಂದ ಬರೆದಿಟ್ಟರು. ಸಂತೆಯೆನಿಸಿಕೊಂಡವಳಿಗೆ ಇಷ್ಟವಿರದಿದ್ದರೆ ಅವಳನ್ನು ಯಾರೂ ಕದಿಯಲಾರರು, ಆದ್ದರಿಂದ ಕಳವು ಯಶಸ್ವಿಯಾದದ್ದೇ ಅವಳ ಸಮ್ಮತಿಗೆ ಸಾಕ್ಷಿ ಎಂಬುದು ಅಂದಿನ ತರ್ಕ. ಕದ್ದವನ ಪಾಲಿಗೆ ಇದಕ್ಕಿಂತ ಅನುಕೂಲದ ತರ್ಕ ಇನ್ನೊಂದಿರಲಾರದು.

ಅವಶೇಷಗಳನ್ನು ಇಡಲು ಮಾಡಿಸಿದ ಮೂರ್ತಿ ಇಂದಿಗೂ ಈ ಪ್ರಕರಣದ ಕೇಂದ್ರವಾಗಿದೆ. ಸುಮಾರು 85 ಸೆಂಟಿಮೀಟರ್ ಎತ್ತರದ ಈ ಆಸೀನ ಮೂರ್ತಿಯ ಒಡಲು ಮರದ್ದು, ಹೊದಿಕೆ ಚಿನ್ನದ ತಗಡಿನದು, ಅದರ ಮೇಲೆ ಶತಮಾನಗಳ ಉದ್ದಕ್ಕೂ ಭಕ್ತರು ಅರ್ಪಿಸಿದ ಹರಳುಗಳು, ಪ್ರಾಚೀನ ರೋಮನ್ ಕೆತ್ತನೆಯ ರತ್ನಗಳು, ಮುತ್ತುಗಳು. 1950ರ ದಶಕದಲ್ಲಿ ಮೂರ್ತಿಯನ್ನು ಬಿಡಿಸಿ ಪರೀಕ್ಷಿಸಿದಾಗ, ಅದರ ಚಿನ್ನದ ತಲೆಯು ಮೈಗಿಂತ ಬಹಳ ಹಳೆಯದು, ರೋಮನ್ ಸಾಮ್ರಾಜ್ಯದ ಕೊನೆಗಾಲದ ಕೃತಿ, ಬಹುಶಃ ಒಬ್ಬ ಚಕ್ರವರ್ತಿಯದು ಎಂಬುದು ತಿಳಿಯಿತು. ಎಳೆಯ ಹುಡುಗಿಯ ಮೂರ್ತಿಗೆ ಅಷ್ಟು ಬಿಗುವಾದ, ದೊರೆಯಂಥ ಮುಖವೇಕೆ ಎಂಬ ಹಳೆಯ ಒಗಟಿಗೆ ಹೀಗೆ ಉತ್ತರ ಸಿಕ್ಕಿತು.

ಶಾರ್ಟ್ರ್‌ನ ಬಿಷಪ್ ಫುಲ್ಬೆರನ ಶಿಷ್ಯನಾದ, ಆಂಜೆಯ ಬೆರ್ನಾರ್ ಎಂಬ ವಿದ್ವಾಂಸ 1013ರಲ್ಲಿ ಮೊದಲ ಬಾರಿ ಇಲ್ಲಿಗೆ ಬಂದಾಗ ಈ ಮೂರ್ತಿ ಅವನಿಗೆ ಹಿಡಿಸಲಿಲ್ಲ. ಉತ್ತರದವನಾದ ಅವನ ಕಣ್ಣಿಗೆ ಅದು ಜುಪಿಟರ್ ಅಥವಾ ಮಾರ್ಸ್ ದೇವತೆಯ ವಿಗ್ರಹದಂತೆಯೇ ಕಂಡಿತು. ಕೋಂಕ್‌ನಲ್ಲಿ ಕೇಳಿದ್ದನ್ನೆಲ್ಲ ಕೇಳಿದ ಮೇಲೆ ಅವನ ಮನಸ್ಸು ಬದಲಾಗಿ, ಸಂತ ಫ್ವಾಳ ಪವಾಡಗಳ ಗ್ರಂಥವನ್ನು ಬರೆಯಲು ತೊಡಗಿದ. ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಒಂದು ಮಠದ ವ್ಯವಹಾರವನ್ನು ಅರಿಯುವುದಕ್ಕೆ ಮಾತ್ರ ಈ ಗ್ರಂಥ ಬೆಲೆಯುಳ್ಳ ದಾಖಲೆ. ಸಂತ ಫ್ವಾ ಒಡವೆಗಳನ್ನು ಇಷ್ಟಪಡುವವಳು; ಕನಸಿನಲ್ಲಿ ಬಂದು ಉಂಗುರ ಕೇಳುತ್ತಾಳೆ, ಕೊಡದವರನ್ನು ಕಾಡುತ್ತಾಳೆ, ತುಲೂಸಿನ ಕೌಂಟನ ಹೆಂಡತಿ ಆರ್ಸೆಂದಳಿಂದ ಚಿನ್ನದ ಕಡಗಗಳನ್ನು ಪಡೆದು ಅವಳಿಗೆ ಗಂಡು ಸಂತಾನ ಕೊಡುತ್ತಾಳೆ. ನಮ್ಮ ಊರುಗಳಲ್ಲಿ ಉತ್ಸವಮೂರ್ತಿಯನ್ನು ಹೊರಡಿಸುವಂತೆ ಕೋಂಕ್‌ನವರೂ ಮೂರ್ತಿಯನ್ನು ಮೆರವಣಿಗೆಯಲ್ಲಿ ಒಯ್ಯುತ್ತಿದ್ದರು, ಆದರೆ ಎಷ್ಟೋ ಸಲ ಅದರ ಉದ್ದೇಶ ಒತ್ತುವರಿಯಾದ ಮಠದ ಜಮೀನಿನ ಮೇಲೆ ಹಕ್ಕು ಸಾರುವುದಾಗಿತ್ತು. ಸೆರೆಯಾಳುಗಳನ್ನು ಬಿಡಿಸುವವಳೆಂದು ಅವಳಿಗೆ ಹೆಸರಿತ್ತು. ಬಿಡುಗಡೆಯಾದವರು ಹರಕೆಯಾಗಿ ತಂದೊಪ್ಪಿಸಿದ ಸಂಕೋಲೆಗಳು ಎಷ್ಟು ರಾಶಿಬಿದ್ದವೆಂದರೆ, ಅವುಗಳ ಕಬ್ಬಿಣದಿಂದಲೇ ಬಾಗಿಲುಗಳನ್ನು ಮಾಡಿಸಲಾಯಿತೆಂದು ಬೆರ್ನಾರ್ ಬರೆದಿದ್ದಾನೆ.

ಮಠದ ದಾಖಲೆ ಸಂಪುಟದಲ್ಲಿ ಐನೂರಕ್ಕೂ ಹೆಚ್ಚು ದಾನಪತ್ರಗಳಿವೆ. 11ನೇ ಶತಮಾನದ ಕೊನೆಯ ಹೊತ್ತಿಗೆ ಕೋಂಕ್‌ನ ಉಪಮಠಗಳು ಅಲ್ಸೇಸಿನ ಸೆಲೆಸ್ಟಾದವರೆಗೂ, ಸ್ವಲ್ಪ ತಡವಾಗಿ ಇಂಗ್ಲೆಂಡಿನ ನಾರ್ಫೋಕ್‌ವರೆಗೂ ಹಬ್ಬಿದ್ದವು. ಅದೇ ಕಾಲದಲ್ಲಿ ಇಲ್ಲಿನ ಸನ್ಯಾಸಿಯೊಬ್ಬ ಸ್ಪೇನಿನ ಪಾಂಪ್ಲೋನದ ಬಿಷಪ್ ಆಗಿದ್ದ. ಈ ಸಂಪತ್ತಿನ ಬಲದಿಂದಲೇ ಮಠಾಧಿಪತಿ ಓಡೊಲ್ರಿಕ್ 11ನೇ ಶತಮಾನದ ಮಧ್ಯಭಾಗದಲ್ಲಿ ಹಳೆಯ ಚರ್ಚನ್ನು ತೆಗೆಸಿ ಹೊಸದನ್ನು ಕಟ್ಟಿಸಲು ತೊಡಗಿದ. 1087ರಿಂದ 1107ರವರೆಗೆ ಮಠಾಧಿಪತಿಯಾಗಿದ್ದ ಮೂರನೆಯ ಬೆಗೋಂ ಕೆಲಸವನ್ನು ಬಹುದೂರ ಮುಂದುವರಿಸಿದ. ಕೈಸಾಲೆಯನ್ನು ಕಟ್ಟಿಸಿದವನೂ ಅವನೇ. ಚರ್ಚಿನ ದಕ್ಷಿಣದ ಹೊರಗೋಡೆಯಲ್ಲಿರುವ ಅವನ ಸಮಾಧಿಯ ಲ್ಯಾಟಿನ್ ಪದ್ಯ ಅದನ್ನು ಹೆಸರಿಸಿ ಹೊಗಳುತ್ತದೆ. ಹೊಗಳಿಕೆ ಅಲ್ಲಿಯೇ ಇದೆ, ಹೊಗಳಿಸಿಕೊಂಡ ಕಟ್ಟಡ ಇಲ್ಲ.

ಕಟ್ಟಡದ ವಿನ್ಯಾಸ ಜನದಟ್ಟಣೆಯನ್ನು ಗಮನದಲ್ಲಿಟ್ಟುಕೊಂಡು ಹುಟ್ಟಿದ್ದು. ತುಲೂಸಿನ ಸಂತ ಸೆರ್ನಾಂ ಚರ್ಚ್ ಮತ್ತು ಸ್ಪೇನಿನ ಸಾಂತಿಯಾಗೊ ದೆ ಕಂಪೊಸ್ತೆಲದ ಪ್ರಧಾನ ಚರ್ಚ್ ಇದೇ ಬಗೆಯವು. ಯಾತ್ರಿಕನು ಪಶ್ಚಿಮದ ಬಾಗಿಲಿನಿಂದ ಒಳಬಂದು, ಪಕ್ಕದ ಅಂಕಣದಲ್ಲಿಯೇ ನಡೆದು, ಶಿಲುಬೆಯ ತೋಳುಗಳಂತೆ ಅಡ್ಡ ಚಾಚಿರುವ ಅಡ್ಡಂಕಣವನ್ನು ಹಾದು, ಬಲಿಪೀಠದ ಹಿಂದಿನ ಪ್ರದಕ್ಷಿಣಾಪಥದಲ್ಲಿ ಸುತ್ತಿ, ಕಬ್ಬಿಣದ ಜಾಲರಿಯ ಆಚೆ ಇದ್ದ ಮೂರ್ತಿಯನ್ನು ಕಂಡು, ಇನ್ನೊಂದು ಪಕ್ಕದಿಂದ ಹೊರಹೋಗಬಹುದಿತ್ತು. ನಡುವೆ ಸನ್ಯಾಸಿಗಳ ಪ್ರಾರ್ಥನೆಗೆ ಅಡ್ಡಿಯಾಗುತ್ತಿರಲಿಲ್ಲ. ತುಲೂಸಿನ ಚರ್ಚಿನ ಮುಂದೆ ಕೋಂಕ್‌ನದು ಚಿಕ್ಕದು. ಉದ್ದ ಸುಮಾರು 56 ಮೀಟರ್ ಮಾತ್ರ. ಇಳಿಜಾರಿನಲ್ಲಿ ಉದ್ದಕ್ಕೆ ಬೆಳೆಯಲು ಜಾಗವಿಲ್ಲದ್ದರಿಂದ ಕಟ್ಟಡ ಎತ್ತರಕ್ಕೆ ಬೆಳೆಯಿತು. ನಡುಅಂಕಣದ ಅರ್ಧವೃತ್ತಾಕಾರದ ಕಮಾನು ಛಾವಣಿ ನೆಲದಿಂದ 22 ಮೀಟರ್ ಎತ್ತರದಲ್ಲಿದೆ. ಅಂಥ ಕಲ್ಲಿನ ಛಾವಣಿ ತನ್ನ ಭಾರದಿಂದ ಎರಡೂ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ತಾಳಿಕೊಳ್ಳಲು ಪಕ್ಕದ ಅಂಕಣಗಳ ಮೇಲೆ ಮಹಡಿಯಂತೆ ಕಟ್ಟಿದ ಪಡಸಾಲೆಗಳು ಒತ್ತಾಸೆಯಾಗಿ ನಿಂತಿವೆ. ಹಳೆಯ ಭಾಗವಾದ ಪೂರ್ವದಲ್ಲಿ ಕೆಂಪು ಮರಳುಗಲ್ಲು ಹೆಚ್ಚು, ಮುಂದಿನ ಭಾಗಗಳಲ್ಲಿ ಹಳದಿ ಸುಣ್ಣಗಲ್ಲು, ತುಂಬುಗೋಡೆಗಳಿಗೆ ಸ್ಥಳೀಯ ಪದರಗಲ್ಲು. ಗೋಡೆಯ ಬಣ್ಣ ನೋಡಿಯೇ ಕೆಲಸ ಎಲ್ಲಿ ನಿಂತು ಎಲ್ಲಿಂದ ಮುಂದುವರಿಯಿತೆಂದು ಊಹಿಸಬಹುದು. ಒಳಗೆ ಕಂಬಗಳ ತಲೆಯ ಮೇಲೆ ಕೆತ್ತನೆಯಿರುವ ಸುಮಾರು 250 ಬೋದಿಗೆಗಳಿವೆ.

ಪಶ್ಚಿಮದ ಬಾಗಿಲಿನ ಮೇಲಿನ ಅರ್ಧವೃತ್ತದ ಫಲಕದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 12ನೇ ಶತಮಾನದ ಮೊದಲ ದಶಕಗಳಲ್ಲಿ ಕಡೆದ ಈ ಅಂತಿಮ ತೀರ್ಪಿನ ದೃಶ್ಯದಲ್ಲಿ 124 ಆಕೃತಿಗಳಿವೆ. ಅಲ್ಲಲ್ಲಿ ಹಳೆಯ ಬಣ್ಣವೂ ಉಳಿದಿದೆ. ನಡುವೆ ಕ್ರಿಸ್ತ ಕುಳಿತಿದ್ದಾನೆ. ಅವನ ಬಲಕ್ಕೆ ಸ್ವರ್ಗ, ಎಡಕ್ಕೆ ನರಕ. ಸ್ವರ್ಗಕ್ಕೆ ಹೋಗುವವರ ಸಾಲಿನಲ್ಲಿ ಮರಿಯಮ್ಮ ಮತ್ತು ಸಂತ ಪೇತ್ರರ ಹಿಂದೆ, ಮಠಾಧಿಪತಿಯೊಬ್ಬ ಕಿರೀಟಧಾರಿ ದೊರೆಯೊಬ್ಬನನ್ನು ಕೈಹಿಡಿದು ನಡೆಸುತ್ತಿದ್ದಾನೆ. ಆ ದೊರೆಯನ್ನು ಶಾರ್ಲಮೇನ್ ಎಂದು ಗುರುತಿಸುತ್ತಾರೆ. ಚಕ್ರವರ್ತಿಗೂ ಮಠದ ಶಿಫಾರಸು ಬೇಕು ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ. ಅವರ ಕೆಳಗೆ ಸಂತ ಫ್ವಾ ಬಾಗಿ ಬಿದ್ದು ಬೇಡುತ್ತಿದ್ದಾಳೆ, ಮೋಡದಿಂದ ಇಳಿದ ದೇವರ ಕೈ ಅವಳ ತಲೆ ಮುಟ್ಟುತ್ತಿದೆ, ಅವಳ ಹಿಂದಿನ ಕಮಾನುಗಳಿಂದ ಸೆರೆಯಾಳುಗಳ ಸಂಕೋಲೆಗಳು ತೂಗುಬಿದ್ದಿವೆ. ಚರ್ಚಿನ ಒಳಗೆ ಯಾತ್ರಿಕ ಕಾಣಲಿದ್ದ ನಿಜವಾದ ಸಂಕೋಲೆಗಳನ್ನೇ ಶಿಲ್ಪಿ ಹೊಸ್ತಿಲಿನ ಹೊರಗೆ ಕಲ್ಲಿನಲ್ಲಿ ತೋರಿಸಿದ್ದಾನೆ. ನರಕದ ಭಾಗ ಇನ್ನೂ ಚುರುಕಾಗಿದೆ: ಕುದುರೆಯಿಂದ ತಲೆಕೆಳಗಾಗಿ ಬೀಳುವ ಅಹಂಕಾರಿ ಯೋಧ, ಬಲೆಗೆ ಸಿಕ್ಕಿದ ಧರ್ಮಗುರುಗಳು, ಖೋಟಾ ನಾಣ್ಯ ಮಾಡುವವನು, ಮೊಲವೇ ಬೆಂಕಿಯಲ್ಲಿ ಸುಡುತ್ತಿರುವ ಕಳ್ಳಬೇಟೆಗಾರ. ಕೆಳಗಿನ ಪಟ್ಟಿಯ ಲ್ಯಾಟಿನ್ ಬರಹ, ನಡತೆ ತಿದ್ದಿಕೊಳ್ಳದಿದ್ದರೆ ಕಠಿಣ ತೀರ್ಪು ಕಾದಿದೆ ಎಂದು ಪಾಪಿಗಳನ್ನು ಎಚ್ಚರಿಸುತ್ತದೆ. ಮೇಲಿನ ಕಮಾನಿನ ಅಂಚಿನಲ್ಲಿ ಮಾತ್ರ ಸುರುಳಿಯಂಥ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಇಣುಕಿ ನೋಡುವ ಪುಟ್ಟ ಮುಖಗಳಿವೆ. ಇಷ್ಟು ಗಂಭೀರ ಕೃತಿಯಲ್ಲಿ ಶಿಲ್ಪಿಗೆ ಹೀಗೊಂದು ತುಂಟತನ ಬಿಟ್ಟುಕೊಟ್ಟ ಮಠದವರನ್ನು ಮೆಚ್ಚಬೇಕು.

ಏಳಿಗೆಯ ಕಾಲ ಬಹಳ ಉಳಿಯಲಿಲ್ಲ. 13ನೇ ಶತಮಾನದಿಂದ ಆದಾಯ ಇಳಿಯಿತು; ಆಮೇಲೆ ಪ್ಲೇಗ್, ನೂರು ವರ್ಷಗಳ ಯುದ್ಧ. 16ನೇ ಶತಮಾನದ ನಡುವಿನ ಹೊತ್ತಿಗೆ ಬೆನೆಡಿಕ್ಟೈನ್ ನಿಯಮ ಕೊನೆಗೊಂಡು, ಸನ್ಯಾಸಿಗಳ ಜಾಗದಲ್ಲಿ ಕ್ಯಾನನ್‌ಗಳೆಂಬ ಪಾದ್ರಿಗಳ ಮಂಡಳಿ ಬಂತು. 1568ರಲ್ಲಿ ಪ್ರಾಟೆಸ್ಟಂಟ್ ಪಡೆ ಇಟ್ಟ ಬೆಂಕಿಗೆ ಬಲಿಪೀಠದ ಸುತ್ತಿನ ಕಂಬಗಳು ಬಿರಿದವು. ಅವುಗಳ ನಡುವಿನ ಜಾಗವನ್ನು ಗೋಡೆ ಕಟ್ಟಿ ತುಂಬಿ ಕಟ್ಟಡವನ್ನು ನಿಲ್ಲಿಸಿಕೊಳ್ಳಲಾಯಿತು. ಈ ಗೋಡೆಯ ಸಂಗತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಇಲ್ಲಿ ನನ್ನ ಒಂದು ಅಭಿಪ್ರಾಯವನ್ನು ಹೇಳಬೇಕು. ಕೋಂಕ್‌ನ ಚರ್ಚ್ ಇಷ್ಟು ಶುದ್ಧವಾದ ರೊಮಾನೆಸ್ಕ್ ರೂಪದಲ್ಲಿ ಉಳಿದಿರುವುದಕ್ಕೆ ಮುಖ್ಯ ಕಾರಣ ಅದರ ಬಡತನ. ಶ್ರೀಮಂತವಾಗಿ ಉಳಿದ ಮಠಗಳು 13ನೇ ಶತಮಾನದಲ್ಲಿ ಮೊನಚು ಕಮಾನುಗಳ ಗಾಥಿಕ್ ಶೈಲಿಯಲ್ಲಿ, 18ನೇ ಶತಮಾನದಲ್ಲಿ ಬರೋಕ್ ಅಥವಾ ಹೊಸ ಶಾಸ್ತ್ರೀಯ ಶೈಲಿಯಲ್ಲಿ ತಮ್ಮ ಚರ್ಚುಗಳನ್ನು ಬದಲಿಸಿಕೊಂಡವು. ಅಂಕಣಗಳು ಸೇರುವಲ್ಲಿನ ಗೋಪುರದ ಕಮಾನನ್ನು 15ನೇ ಶತಮಾನದಲ್ಲಿ ಗಾಥಿಕ್ ರೀತಿಯಲ್ಲಿ ಮತ್ತೆ ಕಟ್ಟಿದ್ದನ್ನು ಬಿಟ್ಟರೆ, ಕೋಂಕ್‌ನವರಿಗೆ ಅಂಥ ದೊಡ್ಡ ಖರ್ಚಿನ ಶಕ್ತಿಯಿರಲಿಲ್ಲ.

1789ರ ನವೆಂಬರಿನಲ್ಲಿ ಫ್ರೆಂಚ್ ಕ್ರಾಂತಿಯ ಸಭೆಯು ಧರ್ಮಸಂಸ್ಥೆಗಳ ಆಸ್ತಿಯನ್ನು ರಾಷ್ಟ್ರದ ಆಸ್ತಿಯೆಂದು ಸಾರಿತು. ಮುಂದಿನ ವರ್ಷಗಳಲ್ಲಿ ದೇಶದ ಉದ್ದಗಲಕ್ಕೂ ಚರ್ಚುಗಳ ಚಿನ್ನ ಬೆಳ್ಳಿ ಕರಗಿಸುವ ಕುಲುಮೆಗೆ ಹೋಯಿತು. ಕೋಂಕ್‌ನ ಭಂಡಾರಕ್ಕೂ ಅದೇ ಗತಿಯಾಗಬೇಕಿತ್ತು. ಊರಿನವರು ಅದನ್ನು ತಮ್ಮತಮ್ಮಲ್ಲಿ ಹಂಚಿಕೊಂಡು ಮನೆಗಳಲ್ಲಿ, ತೋಟಗಳಲ್ಲಿ ಅಡಗಿಸಿಟ್ಟರು. ಭಂಡಾರ ಕಳವಾಯಿತೆಂದು ಅಧಿಕಾರಿಗಳಿಗೆ ಹೇಳಿದರೆಂದೂ, ಅಪಾಯ ಕಳೆದ ಮೇಲೆ ಎಲ್ಲವನ್ನೂ ತಂದೊಪ್ಪಿಸಿದರೆಂದೂ ಊರಿನ ನೆನಪು ಹೇಳುತ್ತದೆ. ಮೂರ್ತಿ, ಬೆಗೋಂನ ಕಾಲದ ಪೆಟ್ಟಿಗೆಗಳು, ಶಾರ್ಲಮೇನ್ ಕೊಟ್ಟನೆಂದು ಸಂಪ್ರದಾಯ ಹೇಳುವ, ನಿಜವಾಗಿ 1100ರ ಸುಮಾರಿನದಾದ 'ಎ' ಅಕ್ಷರದ ಆಕಾರದ ಅವಶೇಷ ಪಾತ್ರೆ ಎಲ್ಲವೂ ಹೀಗೆ ಉಳಿದವು. ಮಧ್ಯಯುಗದ ಇಂಥ ಭಂಡಾರ ತಾನು ಹುಟ್ಟಿದ ಊರಿನಲ್ಲಿಯೇ ಉಳಿದಿರುವುದು ಫ್ರಾನ್ಸ್‌ನಲ್ಲಿ ಬಹಳ ಅಪರೂಪ.

ಅದೇ ಜನರಿಗೆ ಕೈಸಾಲೆ ಬೇರೆಯ ರೀತಿಯಲ್ಲಿ ಕಂಡಿತು. 19ನೇ ಶತಮಾನದ ಮೊದಲ ದಶಕಗಳಲ್ಲಿ ಅದರ ಕಲ್ಲುಗಳು ಒಂದೊಂದಾಗಿ ಊರಿನ ಕಟ್ಟಡಗಳಿಗೆ ಹೋದವು. ಇದನ್ನು ಅಜ್ಞಾನವೆಂದು ಬೈದರೆ ವಿಷಯ ಅರ್ಥವಾಗುವುದಿಲ್ಲ. ಚರ್ಚು ಊರಿನವರ ಪ್ರಾರ್ಥನೆಯ ಜಾಗವಾಗಿತ್ತು; ಮೂರ್ತಿ ಅವರ ಹರಕೆಗಳನ್ನು ಕೇಳುವವಳಾಗಿದ್ದಳು. ಕೈಸಾಲೆಯಾದರೋ ಎಂದೂ ಅವರದ್ದಾಗಿರಲಿಲ್ಲ. ಅದು ಸನ್ಯಾಸಿಗಳು ಜಪ ಮಾಡುತ್ತ ಅಡ್ಡಾಡುವ, ಹೊರಗಿನವರಿಗೆ ಪ್ರವೇಶವಿಲ್ಲದ ಜಾಗ. ಒಳಗಿದ್ದವರು ಹೋದ ಮೇಲೆ ಅದು ಬರೀ ಕಟ್ಟಿದ ಕಲ್ಲು. ಉಳಿದಿರುವ ಕೆಲವು ಬೋದಿಗೆಗಳಲ್ಲಿ ಒಂದರ ಮೇಲೆ, ಅರ್ಧ ಎದ್ದ ಗೋಡೆಯ ಹಿಂದಿನಿಂದ ಉಪಕರಣ ಹಿಡಿದು ತಲೆ ಹಾಕಿರುವ ಗಾರೆಕೆಲಸದವರ ಸಾಲಿದೆ, ಒಬ್ಬ ಕೊಂಬು ಊದುತ್ತಿದ್ದಾನೆ. ಕಳೆದುಹೋದದ್ದರ ಗುಣಮಟ್ಟ ಏನಿತ್ತೆಂಬುದಕ್ಕೆ ಆ ಒಂದು ಕಲ್ಲು ಸಾಕು.

ಐತಿಹಾಸಿಕ ಸ್ಮಾರಕಗಳ ಮಹಾನಿರೀಕ್ಷಕನಾಗಿದ್ದ ಲೇಖಕ ಪ್ರೊಸ್ಪೆ ಮೆರಿಮೆ 1837ರ ಬೇಸಿಗೆಯಲ್ಲಿ ಕೋಂಕ್‌ಗೆ ಬಂದಾಗ ಕೈಸಾಲೆಯ ಮಟ್ಟಿಗೆ ತಡವಾಗಿತ್ತು, ಚರ್ಚಿನ ಮಟ್ಟಿಗೆ ತಡವಾಗಿರಲಿಲ್ಲ. ಅಂಥ ಕಾಡುಜಾಗದಲ್ಲಿ ಇಷ್ಟು ಸಂಪತ್ತನ್ನು ತಾನು ನಿರೀಕ್ಷಿಸಿರಲಿಲ್ಲ ಎಂಬ ಅರ್ಥದಲ್ಲಿ ಅವನು ವರದಿ ಬರೆದ. ಕುಸಿಯುವ ಸ್ಥಿತಿಯಲ್ಲಿದ್ದ ಕಟ್ಟಡಕ್ಕೆ ತುರ್ತಾಗಿ ಹಣ ಕೊಡಬೇಕೆಂದು ಒತ್ತಾಯಿಸಿದ. 1840ರಲ್ಲಿ ಪ್ರಕಟವಾದ ಸಂರಕ್ಷಿತ ಸ್ಮಾರಕಗಳ ಮೊದಲ ಪಟ್ಟಿಯಲ್ಲಿಯೇ ಚರ್ಚಿನ ಹೆಸರು ಸೇರಿತು. ಪ್ರಾಂತದ ವಾಸ್ತುಶಿಲ್ಪಿ ಬ್ವಾಸೊನಾದ್ ಆ ಸುಮಾರಿಗೆ ಮೊದಲ ಸುತ್ತಿನ ದುರಸ್ತಿ ನಡೆಸಿದ. ಶತಮಾನದ ಕೊನೆಯ ಭಾಗದಲ್ಲಿ ಜಾಂ-ಕಮಿಲ್ ಫೊರ್ಮಿಜೆ ಮಾಡಿಸಿದ ಕೆಲಸ ಇನ್ನೂ ದೊಡ್ಡದು. ಪಶ್ಚಿಮ ಮುಖದ ಎರಡು ಗೋಪುರಗಳನ್ನು ಎತ್ತರಿಸಿ, ಮೇಲೆ ಪಿರಮಿಡ್ಡಿನಂಥ ಮಾಡು ಕೂರಿಸಿದವನು ಅವನು. ಇಂದು ಕೋಂಕ್‌ನ ಚಿತ್ರವೆಂದರೆ ಎಲ್ಲರ ಕಣ್ಣಿಗೆ ಮೊದಲು ಬರುವುದು ಆ ಗೋಪುರಗಳೇ. ಅವು ಆ ರೂಪದಲ್ಲಿ ಒಂದೂವರೆ ಶತಮಾನದಷ್ಟೂ ಹಳೆಯವಲ್ಲ ಎಂಬುದನ್ನು ಚಿತ್ರ ಹೇಳುವುದಿಲ್ಲ. ಶೈಲಿಯ ಏಕರೂಪತೆಗಾಗಿ ಇಲ್ಲದ್ದನ್ನು ಸೇರಿಸುವ ಆ ಕಾಲದ ಪದ್ಧತಿಯನ್ನು ಇಂದಿನ ಸಂರಕ್ಷಕರು ಒಪ್ಪಲಾರರು.

ದುರಸ್ತಿಯ ನಡುವೆಯೇ ಒಂದು ಅನಿರೀಕ್ಷಿತ ಸಂಗತಿ ನಡೆಯಿತು. 1873ರಲ್ಲಿ ಪ್ರಾಂತದ ಮುಖ್ಯ ಪಟ್ಟಣವಾದ ರೊದೆಜ್‌ನ ಬಿಷಪ್ ಬುರೆ ಅವರ ಕರೆಯ ಮೇರೆಗೆ ಪ್ರೆಮೊಂತ್ರೆ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು ಬಂದು ಚರ್ಚಿನ ಹೊಣೆ ಹೊತ್ತಿದ್ದರು. 1875ರಲ್ಲಿ, ಬಲಿಪೀಠದ ಸುತ್ತಿನ ಕಂಬಗಳ ನಡುವೆ ಹಿಂದೆ ಕಟ್ಟಿದ್ದ ಆ ಗೋಡೆಯನ್ನು ಬಿಚ್ಚುವಾಗ, ಚರ್ಮ ಹೊದಿಸಿ ಎನಾಮೆಲ್ ಬಿಲ್ಲೆಗಳನ್ನು ಕೂರಿಸಿದ 12ನೇ ಶತಮಾನದ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಸಂತ ಫ್ವಾಳದ್ದೆಂದು ಗುರುತಿಸಲಾದ ಎಲುಬುಗಳಿದ್ದವು. ಯಾತ್ರೆ ಹೀಗೆ ಮತ್ತೆ ಚಿಗುರಿತು.

20ನೇ ಶತಮಾನದ ನಡುವಿನ ಹೊತ್ತಿಗೆ ಕಿಟಕಿಗಳಲ್ಲಿ ಸಂತರ ಚಿತ್ರಗಳಿದ್ದ ಬಣ್ಣದ ಗಾಜುಗಳನ್ನು ಅಳವಡಿಸಲಾಗಿತ್ತು. 1986ರಲ್ಲಿ ಸರ್ಕಾರ ಅವುಗಳ ಬದಲಿಗೆ ಹೊಸ ಗಾಜು ರೂಪಿಸುವ ಕೆಲಸವನ್ನು ಪಿಯೆರ್ ಸುಲಾಜ್ ಅವರಿಗೆ ಒಪ್ಪಿಸಿತು. 1919ರಲ್ಲಿ ರೊದೆಜ್‌ನಲ್ಲಿ ಹುಟ್ಟಿ, ಕಪ್ಪು ಬಣ್ಣದ ಅಮೂರ್ತ ಚಿತ್ರಗಳಿಗೆ ಜಗತ್ಪ್ರಸಿದ್ಧರಾದ ಸುಲಾಜ್, ಶಾಲೆಯ ಹುಡುಗನಾಗಿ ಈ ಚರ್ಚಿಗೆ ಬಂದಾಗಲೇ ಕಲೆಯೇ ತನ್ನ ಬದುಕೆಂದು ನಿಶ್ಚಯಿಸಿದ್ದಾಗಿ ಹೇಳುತ್ತಿದ್ದರು. ಅವರು ಬಣ್ಣವನ್ನೂ ಚಿತ್ರವನ್ನೂ ಪೂರ್ತಿ ಕೈಬಿಟ್ಟರು. ಬೆಳಕನ್ನು ಒಳಬಿಡುವ, ಆದರೆ ಆಚೆಯ ನೋಟವನ್ನು ಬಿಡದ ಬಿಳಿಗಾಜೊಂದನ್ನು ದೀರ್ಘ ಪ್ರಯೋಗಗಳಿಂದ ಸಿದ್ಧಪಡಿಸಿ, ತುಲೂಸಿನ ಗಾಜುಕುಶಲಿ ಜಾಂ-ದೊಮಿನಿಕ್ ಫ್ಲೆರಿ ಅವರ ಜೊತೆ ಕೆಲಸ ಮಾಡಿ, ಸೀಸದ ಬಾಗುಗೆರೆಗಳಷ್ಟೇ ಇರುವ 104 ಕಿಟಕಿಗಳನ್ನು 1994ರಲ್ಲಿ ಪೂರೈಸಿದರು. ಹಳೆಯ ಚಿತ್ರಗಾಜುಗಳಿಗೆ ಒಗ್ಗಿದ್ದ ಹಲವರು ವಿರೋಧಿಸಿದರು. ಅವರ ಬೇಸರಕ್ಕೆ ಅರ್ಥವಿಲ್ಲದೆ ಇರಲಿಲ್ಲ, ಏಕೆಂದರೆ ಭಕ್ತರಿಗೆ ಕಥೆ ಹೇಳುತ್ತಿದ್ದ ಕಿಟಕಿಗಳು ಮಾತು ನಿಲ್ಲಿಸಿದ್ದವು. ಆದರೂ ಕಲ್ಲಿನ ಮೂರು ಬಣ್ಣಗಳು ಈಗ ತಮ್ಮ ನಿಜವಾದ ಛಾಯೆಯಲ್ಲಿ ಕಾಣುತ್ತವೆ. ಹೊತ್ತು ಸರಿದಂತೆ ಗಾಜಿನಲ್ಲಿಯೇ ನೀಲಿ, ಕಿತ್ತಳೆಯ ತೆಳುಛಾಯೆಗಳು ಮೂಡಿ ಮರೆಯಾಗುತ್ತವೆ. ಫೊರ್ಮಿಜೆಯ ಗೋಪುರಗಳು ಮಧ್ಯಯುಗದವೆಂಬ ಭ್ರಮೆ ಹುಟ್ಟಿಸಿದರೆ, ಸುಲಾಜ್ ಅವರ ಕಿಟಕಿಗಳು ತಾವು 20ನೇ ಶತಮಾನದವೆಂದು ಬಚ್ಚಿಡದೆ ಹೇಳುತ್ತವೆ. ಎರಡರಲ್ಲಿ ಪ್ರಾಮಾಣಿಕವಾದದ್ದು ಎರಡನೆಯದೆಂದೇ ನನ್ನ ಎಣಿಕೆ.

ಸಾಂತಿಯಾಗೊ ದೆ ಕಂಪೊಸ್ತೆಲಕ್ಕೆ ಹೋಗುವ ಯಾತ್ರಾಮಾರ್ಗಗಳ ಫ್ರಾನ್ಸ್ ಭಾಗವನ್ನು ಯುನೆಸ್ಕೊ 1998ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಚರ್ಚೂ ದೂರ್ದು ನದಿಯ ಹಳೆಯ ಸೇತುವೆಯೂ ಅದರಲ್ಲಿ ಸೇರಿದವು. ಆ ಮಾರ್ಗದಲ್ಲಿ ಲ ಪುಯಿ ಪಟ್ಟಣದಿಂದ ಹೊರಟು ನಡೆದು ಬರುವವರಿಗೆ ಕೋಂಕ್ ಈಗಲೂ ಮುಖ್ಯ ತಂಗುದಾಣ. ಪ್ರೆಮೊಂತ್ರೆ ಪಾದ್ರಿಗಳು ಯಾತ್ರಿಕರಿಗೆ ವಸತಿ ಕೊಡುತ್ತಾರೆ. ರಾತ್ರಿಯ ಪ್ರಾರ್ಥನೆ ಮುಗಿದ ಮೇಲೆ ಅವರಲ್ಲೊಬ್ಬರು ಬಾಗಿಲಿನ ಮುಂದೆ ನಿಂತು ಫಲಕದ ಆಕೃತಿಗಳನ್ನು ಒಂದೊಂದಾಗಿ ವಿವರಿಸುವುದು ರೂಢಿಯಾಗಿದೆ. ಸಂತ ಫ್ವಾಳ ಮೂರ್ತಿ ಈಗ ಚರ್ಚಿನೊಳಗಿಲ್ಲ. ದಕ್ಷಿಣದ ಪಕ್ಕದಲ್ಲಿ, ಕೈಸಾಲೆ ಇದ್ದ ಅಂಗಳದ ಬದಿಯಲ್ಲಿ, ಭಂಡಾರಕ್ಕಾಗಿಯೇ ಮೀಸಲಾದ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇರಿಸಲಾಗಿದೆ. ಸನ್ಯಾಸಿಗಳ ಕಾಲದಲ್ಲಿ ಯಾತ್ರಿಕರು ಕಾಲಿಡಲಾಗದಿದ್ದ ಜಾಗದ ಮೂಲಕವೇ ಈಗ ಅದನ್ನು ನೋಡಲು ಹೋಗಬೇಕು, ಟಿಕೆಟ್ಟು ಕೊಂಡು.